ಪ್ರವಾಸಿ ಕ್ಯಾರವಾನ್‌ನ ನೀರಿನ ವ್ಯವಸ್ಥೆ

ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಯಲ್ಲಿ ಕುಡಿಯಲು, ಅಡುಗೆಗೆ ಹಾಗೂ ಸ್ನಾನಕ್ಕೆ ಬೇಕಾದ ನೀರನ್ನು ಸಂಗ್ರಹಿಸಿ ನಲ್ಲಿಗಳಿಗೆ ಒದಗಿಸುವ ತೊಟ್ಟಿ, ಪಂಪು, ಕೊಳವೆ ಮತ್ತು ನೀರು ಕಾಯಿಸುವ ಸಾಧನಗಳ ಒಟ್ಟು ಏರ್ಪಾಡನ್ನು ಪ್ರವಾಸಿ ಕ್ಯಾರವಾನ್‌ನ ನೀರಿನ ವ್ಯವಸ್ಥೆ ಎನ್ನುತ್ತಾರೆ. ಮನೆಗಳಲ್ಲಿ ತಾರಸಿಯ ಮೇಲಿನ ಟ್ಯಾಂಕಿನಿಂದ ನೀರು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಕ್ಯಾರವಾನ್‌ನಲ್ಲಿ ತೊಟ್ಟಿಯು ನೆಲದ ಕೆಳಗೋ ಆಸನದ ಅಡಿಯಲ್ಲೋ ಇರುವುದರಿಂದ ನೀರನ್ನು ಪಂಪಿನಿಂದ ಮೇಲೆತ್ತಬೇಕಾಗುತ್ತದೆ. ತೊಟ್ಟಿಯಲ್ಲಿ ನಿಂತ ನೀರು ಪ್ರಯಾಣದಲ್ಲಿ ಹೊರೆಯಾಗುತ್ತದೆ, ಬೇಸಿಗೆಯಲ್ಲಿ ರೋಗಾಣುಗಳಿಗೆ ಆಶ್ರಯವಾಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೊಳವೆಗಳನ್ನು ಒಡೆಯುತ್ತದೆ. ಆದುದರಿಂದ ತೊಟ್ಟಿಯನ್ನು ತುಂಬಿಸುವಷ್ಟೇ ಅದನ್ನು ಸಕಾಲದಲ್ಲಿ ಬರಿದು ಮಾಡುವುದೂ ಮುಖ್ಯವಾದುದು. ಈ ಲೇಖನವು ಮುಖ್ಯವಾಗಿ ಬ್ರಿಟನ್ನಿನ ರೂಢಿಯನ್ನು ಆಧರಿಸಿದೆ.

ಹಿನ್ನೆಲೆ

ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಕ್ಯಾರವಾನ್‌ಗಳಲ್ಲಿ 'ದಿ ವಾಂಡರರ್' ಪ್ರಸಿದ್ಧವಾದುದು. ಕುದುರೆಗಳು ಎಳೆಯುತ್ತಿದ್ದ ಈ ಗಾಡಿಯನ್ನು 1885ರಲ್ಲಿ ವೈದ್ಯ ಹಾಗೂ ಲೇಖಕ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರಿಗಾಗಿ ಬ್ರಿಸ್ಟಲ್‌ನಲ್ಲಿ ತಯಾರಿಸಲಾಯಿತು. 1907ರಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. ಮೋಟಾರು ವಾಹನ ಎಳೆಯುವ ಕ್ಯಾರವಾನ್‌ಗಳು ಮೊದಲನೆಯ ಮಹಾಯುದ್ಧದ ನಂತರ ಬಳಕೆಗೆ ಬಂದವು. ಪಾತ್ರೆಗಳಲ್ಲಿ ನೀರು ಹೊತ್ತು ತರುವ ಪದ್ಧತಿಯಿಂದ ಕೈಪಂಪು ಮತ್ತು ಕಾಲಿನಿಂದ ತುಳಿಯುವ ಪಂಪಿಗೆ, ಅಲ್ಲಿಂದ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪಂಪಿಗೆ ಈ ವ್ಯವಸ್ಥೆ ಕ್ರಮೇಣ ಬೆಳೆಯಿತು.

ಒಳತೊಟ್ಟಿ ಮತ್ತು ಹೊರಪೀಪಾಯಿ

ಬ್ರಿಟನ್ನಿನ ಅನೇಕ ಕ್ಯಾರವಾನ್‌ಗಳು ಹೊರಗೆ ಇಡುವ ಪೀಪಾಯಿಯನ್ನೇ ಅವಲಂಬಿಸಿವೆ. ಅಕ್ವಾರೋಲ್ ಎಂಬ ಹೆಸರಿನ 40 ಲೀಟರ್ ಪೀಪಾಯಿಯನ್ನು ಶಿಬಿರದ ನಲ್ಲಿಯಲ್ಲಿ ತುಂಬಿಸಿ, ಹಿಡಿಕೆಯಿಂದ ನೆಲದ ಮೇಲೆ ಉರುಳಿಸಿಕೊಂಡು ತರಬಹುದು. ಕೆಲವು ಮಾದರಿಗಳಲ್ಲಿ ಇದರೊಂದಿಗೆ ಗಾಡಿಯೊಳಗೇ ಅಳವಡಿಸಿದ ತೊಟ್ಟಿಯೂ ಇರುತ್ತದೆ. ಅಂತಹ ಗಾಡಿಗಳಲ್ಲಿ ಪೀಪಾಯಿಯ ನೀರನ್ನು ನೇರವಾಗಿ ನಲ್ಲಿಗೆ ಹರಿಸಬಹುದು ಅಥವಾ ಒಳತೊಟ್ಟಿಗೆ ತುಂಬಿಸಬಹುದು.

ತುಂಬಿಸಲು ಆಹಾರ ಬಳಕೆಗೆ ಯೋಗ್ಯವಾದ ಕೊಳವೆಯನ್ನೇ ಬಳಸಬೇಕು. ತೋಟಕ್ಕೆ ನೀರು ಹಾಯಿಸುವ ಸಾಮಾನ್ಯ ಕೊಳವೆಯಿಂದ ನೀರಿಗೆ ರಬ್ಬರಿನ ರುಚಿಯೂ ವಾಸನೆಯೂ ಅಂಟುತ್ತವೆ. ಕೊಳವೆಯನ್ನು ಜೋಡಿಸುವ ಮುನ್ನ ಶಿಬಿರದ ನಲ್ಲಿಯ ಬಾಯನ್ನು ಒರೆಸಿ, ಸ್ವಲ್ಪ ನೀರನ್ನು ಹೊರಗೆ ಬಿಡುವುದು ಒಳ್ಳೆಯದು. ಗಾಡಿ ಸಮತಟ್ಟಾಗಿ ನಿಂತಿರದಿದ್ದರೆ ತೊಟ್ಟಿಯ ಮಟ್ಟಸೂಚಕ ತಪ್ಪು ಅಳತೆ ತೋರಿಸಬಹುದು.

ನೀರಿನ ಭಾರ

ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. 40 ಲೀಟರಿನ ತೊಟ್ಟಿ ತುಂಬಿದರೆ ಗಾಡಿಯ ಭಾರ 40 ಕಿಲೋಗ್ರಾಂ ಹೆಚ್ಚುತ್ತದೆ. ಪ್ರತಿ ಕ್ಯಾರವಾನ್‌ಗೂ ನಿಗದಿತ ಗರಿಷ್ಠ ತೂಕವಿದ್ದು, ಅದನ್ನು ಮೀರುವುದು ಕಾನೂನಿಗೆ ವಿರುದ್ಧ. ಬಟ್ಟೆಬರೆ, ಪಾತ್ರೆ, ಗ್ಯಾಸ್ ಸಿಲಿಂಡರ್‌ಗಳೊಂದಿಗೆ ನೀರೂ ಈ ಲೆಕ್ಕಕ್ಕೆ ಸೇರುತ್ತದೆ. ಅರೆತುಂಬಿದ ತೊಟ್ಟಿಯಲ್ಲಿ ನೀರು ಅತ್ತಿತ್ತ ತುಳುಕುತ್ತದೆ. ತೊಟ್ಟಿಯು ಅಚ್ಚಿನಿಂದ ದೂರವಿದ್ದರೆ ಅದರ ಭಾರದಿಂದ ಕಾರಿನ ಕೊಂಡಿಯ ಮೇಲಿನ ಒತ್ತಡ ಏರುಪೇರಾಗಿ, ಗಾಡಿ ಹಿಂದಿನಿಂದ ತೂಗಾಡುವ ಸಂಭವವಿದೆ. ತಯಾರಕರು ಬೇರೆ ರೀತಿ ಸೂಚಿಸದಿದ್ದಲ್ಲಿ ತೊಟ್ಟಿಯನ್ನು ಬರಿದು ಮಾಡಿಯೇ ಪ್ರಯಾಣ ಹೊರಡುವುದು ಸುರಕ್ಷಿತ.

ಪಂಪಿನ ವಿಧಗಳು

ಮುಳುಗು ಪಂಪು: ಇದನ್ನು ಪೀಪಾಯಿಯ ನೀರಿನೊಳಗೆ ಇಳಿಬಿಡಲಾಗುತ್ತದೆ. ಒಳಗಿನ ಪುಟ್ಟ ಚಕ್ರ ವೇಗವಾಗಿ ತಿರುಗಿ ನೀರನ್ನು ತಳ್ಳುತ್ತದೆ. ಗಾಳಿ ಸೇರಿಕೊಂಡರೆ ಮೋಟಾರು ತಿರುಗಿದರೂ ನೀರು ಏರುವುದಿಲ್ಲ. ಆಗ ಪಂಪನ್ನು ನೀರಿನೊಳಗೇ ಅಲ್ಲಾಡಿಸಿ ಗಾಳಿಗುಳ್ಳೆಗಳನ್ನು ಹೊರಡಿಸಬೇಕು.

ಡಯಾಫ್ರಾಮ್ ಪಂಪು: ಇದನ್ನು ಗಾಡಿಯೊಳಗೆ ಕೂರಿಸಿರುತ್ತಾರೆ. ರಬ್ಬರಿನ ಪೊರೆ ಹಿಂದೆ ಮುಂದೆ ಚಲಿಸಿ, ಗಾಳಿಯನ್ನೂ ಹೊರದೂಡಿ, ನೀರನ್ನು ತಾನಾಗಿಯೇ ಸೆಳೆದುಕೊಳ್ಳುತ್ತದೆ. ಕಸ ಒಳಸೇರದಂತೆ ಪಂಪಿನ ಮುಂದೆ ಜಾಲರಿ ಇರುತ್ತದೆ.

ನಲ್ಲಿ ತಿರುಗಿಸಿದಾಗ ಅದರೊಳಗಿನ ಚಿಕ್ಕ ಸ್ವಿಚ್ಚಾಗಲಿ, ಕೊಳವೆಯ ಒತ್ತಡ ಇಳಿದುದನ್ನು ಗುರುತಿಸುವ ಒತ್ತಡ ಸ್ವಿಚ್ಚಾಗಲಿ ಪಂಪನ್ನು ಚಾಲನೆಗೊಳಿಸುತ್ತದೆ.

ಸಾಮಾನ್ಯ ದೋಷಗಳು

ಒತ್ತಡ ಸ್ವಿಚ್ಚಿನ ವ್ಯವಸ್ಥೆಯಲ್ಲಿ ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪು ಆಗಾಗ ಮಿಡಿದರೆ ಎಲ್ಲಿಯೋ ನೀರು ಸೋರುತ್ತಿದೆ, ಇಲ್ಲವೇ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಸಡಿಲವಾಗಿದೆ ಎಂದು ತಿಳಿಯಬೇಕು. ಪಂಪು ನಿಲ್ಲದೆ ಓಡುತ್ತಿದ್ದರೆ ತೊಟ್ಟಿ ಬರಿದಾಗಿರಬಹುದು ಅಥವಾ ಹೀರುಕೊಳವೆಯಲ್ಲಿ ಗಾಳಿ ನುಗ್ಗುತ್ತಿರಬಹುದು. ಹರಿವು ಕುಂದಿದರೆ ಮೊದಲು ಜಾಲರಿಯನ್ನೂ ಬ್ಯಾಟರಿಯ ವೋಲ್ಟೇಜನ್ನೂ ಪರೀಕ್ಷಿಸಬೇಕು. ಮುಳುಗು ಪಂಪನ್ನು ನೀರಿಲ್ಲದೆ ಓಡಿಸಿದರೆ ಬೇಗ ಕೆಡುತ್ತದೆ. ರಾತ್ರಿ ಮಲಗುವಾಗ ಮತ್ತು ಗಾಡಿ ಬಿಟ್ಟು ಹೊರಹೋಗುವಾಗ ಪಂಪಿನ ಮುಖ್ಯ ಸ್ವಿಚ್ಚನ್ನು ಆರಿಸುವುದು ರೂಢಿ.

ಶುಚಿತ್ವ ಮತ್ತು ಆರೋಗ್ಯ

ತೊಟ್ಟಿಯ ಒಳಗೋಡೆಯ ಮೇಲೆ ಕಾಲಕ್ರಮೇಣ ಲೋಳೆಯಂತಹ ಪದರ ಬೆಳೆದು ಸೂಕ್ಷ್ಮಾಣುಗಳಿಗೆ ಆಸರೆಯಾಗುತ್ತದೆ. ಅವುಗಳಲ್ಲಿ ಗಂಭೀರವಾದುದು ಲೀಜನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸೇರಿದ್ದ ಮಾಜಿ ಸೈನಿಕರ ಸಮಾವೇಶದಲ್ಲಿ ಹರಡಿದ ನ್ಯುಮೋನಿಯಾದಿಂದ ಈ ರೋಗಕ್ಕೆ ಹೆಸರು ಬಂದಿತು. ಈ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಿಂತ ನೀರಿನಲ್ಲಿ ಹೆಚ್ಚುತ್ತದೆ. ಷವರ್‌ನಿಂದ ಏಳುವ ಸೂಕ್ಷ್ಮ ತುಂತುರನ್ನು ಉಸಿರಾಡಿದಾಗ ಶ್ವಾಸಕೋಶವನ್ನು ಸೇರುತ್ತದೆ. ಆದ್ದರಿಂದ ಕುಡಿಯಲು ಬಾಟಲಿ ನೀರನ್ನೇ ಬಳಸುವವರಿಗೂ ತೊಟ್ಟಿಯ ಶುದ್ಧಿ ಅಗತ್ಯ.

ದೀರ್ಘಕಾಲ ನಿಲ್ಲಿಸಿದ ಗಾಡಿಯನ್ನು ಮತ್ತೆ ಬಳಸುವ ಮುನ್ನ ಹಳೆಯ ನೀರನ್ನು ಸಂಪೂರ್ಣ ಹೊರಬಿಟ್ಟು, ಕ್ಲೋರಿನ್‌ಯುಕ್ತ ದ್ರಾವಣದಿಂದ ವ್ಯವಸ್ಥೆಯನ್ನು ತೊಳೆಯಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಪ್ರಮಾಣದಲ್ಲಿ ಒಂದು ಗಂಟೆ ಬಿಡುವುದು ಬಳಕೆಯಲ್ಲಿರುವ ಕ್ರಮ. ಶೇಕಡ 5ರ ಸುಗಂಧರಹಿತ ಬ್ಲೀಚ್ ಆದರೆ 40 ಲೀಟರ್ ನೀರಿಗೆ 40 ಮಿಲಿಲೀಟರ್ ಸಾಕು. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ದ್ರಾವಣ ಹರಿಸಿ ಮುಚ್ಚಬೇಕು. ಅವಧಿ ಮುಗಿದ ಮೇಲೆ ವಾಸನೆ ಹೋಗುವವರೆಗೆ ಶುದ್ಧ ನೀರು ಹಾಯಿಸಬೇಕು. ಕೆಲವು ಹೀಟರ್‌ಗಳ ಉಕ್ಕಿನ ಪಾತ್ರೆಗೆ ಕ್ಲೋರಿನ್ ಹಾನಿ ಮಾಡುವುದರಿಂದ ಕೈಪಿಡಿಯನ್ನು ಮೊದಲು ನೋಡಬೇಕು. ಸುಣ್ಣದ ಕರೆ ತೆಗೆಯಲು ವಿನೆಗರ್ ಬಳಸುವುದಾದರೆ ಅದನ್ನು ಬ್ಲೀಚಿನೊಂದಿಗೆ ಎಂದಿಗೂ ಬೆರೆಸಬಾರದು. ಇವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ.

ಚಳಿಗಾಲದ ರಕ್ಷಣೆ

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಕೊಳವೆಯ ಜೋಡಣೆ, ಪಂಪು, ನಲ್ಲಿ, ಹೀಟರಿನ ಪಾತ್ರೆ ಇವೆಲ್ಲ ಇದರಿಂದ ಸೀಳಬಹುದು. ಹಾನಿ ಮಂಜು ಕರಗಿದ ಮೇಲಷ್ಟೇ ಗೋಚರಿಸುತ್ತದೆ. ಆದುದರಿಂದ ಶರತ್ಕಾಲ ಮುಗಿಯುವ ಮುನ್ನ ಈ ಕ್ರಮ ಅನುಸರಿಸಲಾಗುತ್ತದೆ:

1. ಪಂಪು ಮತ್ತು ಹೀಟರನ್ನು ಆರಿಸಿ, ಬಿಸಿನೀರು ತಣಿಯಲು ಬಿಡುವುದು.
2. ತೊಟ್ಟಿ ಮತ್ತು ಹೀಟರಿನ ಬರಿದು ಕವಾಟಗಳನ್ನು ತೆರೆಯುವುದು.
3. ಎಲ್ಲ ನಲ್ಲಿಗಳನ್ನೂ ತೆರೆಯುವುದು. ಒಂದೇ ಹಿಡಿಕೆಯ ನಲ್ಲಿಯನ್ನು ಬಿಸಿ ಮತ್ತು ತಣ್ಣೀರಿನ ನಡುವೆ ನಿಲ್ಲಿಸುವುದು.
4. ಷವರಿನ ತಲೆಯನ್ನು ಕಳಚಿ ಕೊಳವೆಯನ್ನು ಕೆಳಗೆ ಇಳಿಬಿಡುವುದು.
5. ಜಾಲರಿಯನ್ನು ತೆಗೆದು ಒಣಗಿಸುವುದು. ಮುಳುಗು ಪಂಪನ್ನು ಕುಲುಕಿ ಒಳಗಿನ ನೀರನ್ನು ಹೊರಹಾಕುವುದು.
6. ವಸಂತದವರೆಗೆ ನಲ್ಲಿಗಳನ್ನೂ ಕವಾಟಗಳನ್ನೂ ತೆರೆದೇ ಇಡುವುದು.

ಉತ್ತರ ಅಮೆರಿಕದಲ್ಲಿ ಕೊಳವೆಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ದ್ರಾವಣವನ್ನು ತುಂಬುವ ರೂಢಿಯೂ ಇದೆ. ಕಾರಿನ ಎಂಜಿನ್‌ಗೆ ಬಳಸುವ ಎಥಿಲೀನ್ ಗ್ಲೈಕಾಲ್ ವಿಷವಾದುದರಿಂದ ಅದನ್ನು ಕುಡಿಯುವ ನೀರಿನ ವ್ಯವಸ್ಥೆಗೆ ಯಾವ ಕಾರಣಕ್ಕೂ ಹಾಕಬಾರದು.