ವಿಕಿರಣಶೀಲತೆಯ ಇತಿಹಾಸ

ವಿಕಿರಣಶೀಲತೆ (ವಿಕಿರಣಪಟುತ್ವ): ಕೆಲವು ಪರಮಾಣುಗಳ ಅಸ್ಥಿರ ನ್ಯೂಕ್ಲಿಯಸ್ಸು ಹೊರಗಿನ ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿ ಕ್ಷಯಿಸಿ, ಕಣಗಳನ್ನೋ ಅಧಿಕ ಶಕ್ತಿಯ ಕಿರಣಗಳನ್ನೋ ಹೊರಸೂಸುವ ವಿದ್ಯಮಾನ. 1896ರಲ್ಲಿ ಪ್ಯಾರಿಸ್ಸಿನಲ್ಲಿ ಇದು ಮೊದಲು ಕಂಡದ್ದು ಒಂದು ಹೊಸ ಬಗೆಯ ಕಿರಣವಾಗಿ. ಮುಂದಿನ ಹತ್ತು ವರ್ಷಗಳಲ್ಲಿ, ಕಿರಣವೆಂಬುದು ಹೊರಗೆ ಕಾಣುವ ಕುರುಹು ಮಾತ್ರ, ಒಳಗೆ ನಡೆಯುತ್ತಿರುವುದು ಧಾತುವಿನ ರೂಪಾಂತರ ಎಂದು ತಿಳಿಯಿತು. ಆ ರೂಪಾಂತರದ ವೇಗ ಬದಲಾಗದ್ದು ಎಂಬ ಅರಿವು ಇಡೀ ಇತಿಹಾಸದ ತಿರುವು. ಭೂಮಿಯ ವಯಸ್ಸಿನ ಲೆಕ್ಕ, ಪ್ರಾಚ್ಯವಸ್ತುಗಳ ಕಾಲನಿರ್ಣಯ, ಕ್ಯಾನ್ಸರ್ ಚಿಕಿತ್ಸೆ, ಪರಮಾಣು ತ್ಯಾಜ್ಯದ ಸಮಸ್ಯೆ ಎಲ್ಲವೂ ಅಲ್ಲಿಂದಲೇ ಕವಲೊಡೆದಿವೆ.

ಹಿನ್ನೆಲೆ

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಗುರುತಿಸಿದ. ಮರುವರ್ಷ ಜನವರಿಯಲ್ಲಿ ಕೈಯೆಲುಬಿನ ಚಿತ್ರಗಳು ಯುರೋಪಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದವು. ಈ ಕಿರಣಗಳು ವಿಸರ್ಜನ ನಳಿಗೆಯ ಗಾಜು ಹೊಳೆಯುವ ಜಾಗದಿಂದ ಹೊರಡುತ್ತಿದ್ದವು. ಹಾಗಿದ್ದರೆ ತಾವಾಗಿ ಹೊಳೆಯುವ ಇತರ ವಸ್ತುಗಳೂ ಇಂಥ ಕಿರಣಗಳನ್ನು ಸೂಸುತ್ತಿರಬಹುದೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಆನ್ರಿ ಪ್ವಾಂಕಾರೆ ಎತ್ತಿದ. ಊಹೆ ತಪ್ಪಾಗಿತ್ತು. ಆದರೆ ಅದನ್ನು ಪರೀಕ್ಷಿಸಲು ಹೊರಟ ಪ್ರಯೋಗ ಬೇರೊಂದು ಸತ್ಯವನ್ನು ಬಯಲಿಗೆ ತಂದಿತು.

ಬೆಕೆರೆಲ್‌ನ ಪ್ರಯೋಗ (1896)

ಆನ್ರಿ ಬೆಕೆರೆಲ್ ಪ್ಯಾರಿಸ್ಸಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ. ಅವನ ಅಜ್ಜ, ತಂದೆ ಇಬ್ಬರೂ ಅದೇ ಪೀಠದಲ್ಲಿದ್ದವರು. ತಂದೆ ಎಡ್ಮಂಡ್ ಹೊಳೆಯುವ ಲವಣಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ. ಯುರೇನಿಯಂ ಲವಣಗಳು ಮನೆತನದ ಪ್ರಯೋಗಾಲಯಕ್ಕೆ ಹೊಸವಲ್ಲ.

ಬೆಕೆರೆಲ್ ಛಾಯಾಚಿತ್ರ ಫಲಕವನ್ನು ಬೆಳಕು ತೂರದಂತೆ ಕಪ್ಪು ಕಾಗದದಲ್ಲಿ ಸುತ್ತಿ, ಮೇಲೆ ಪೊಟ್ಯಾಸಿಯಂ ಯುರೇನಿಲ್ ಸಲ್ಫೇಟಿನ ಹರಳುಗಳನ್ನಿಟ್ಟು ಬಿಸಿಲಿಗೆ ಒಡ್ಡಿದ. ಫಲಕದಲ್ಲಿ ಹರಳುಗಳ ಅಚ್ಚು ಮೂಡಿತು. ಫೆಬ್ರವರಿ 24ರಂದು ವಿಜ್ಞಾನ ಅಕಾಡೆಮಿಗೆ ವರದಿಯೂ ಹೋಯಿತು. ಬಿಸಿಲಿನಿಂದ ಪ್ರಚೋದನೆಗೊಂಡ ಹರಳುಗಳು ಕ್ಷ-ಕಿರಣದಂಥದ್ದನ್ನು ಸೂಸುತ್ತವೆ ಎಂಬುದು ಆಗಿನ ಅವನ ತಿಳಿವಳಿಕೆ. ಅದೇ ವಾರ ಮೋಡ ಕವಿಯಿತು. ಸಿದ್ಧಪಡಿಸಿದ ಫಲಕಗಳು ಹರಳುಗಳ ಸಮೇತ ಮೇಜಿನ ಖಾನೆ ಸೇರಿದವು. ಮಾರ್ಚ್ 1ರಂದು ಅವುಗಳನ್ನು ತೆಗೆದು ಸಂಸ್ಕರಿಸಿದಾಗ ಮಸುಕು ಚಿತ್ರ ನಿರೀಕ್ಷಿಸಿದ್ದ ಅವನಿಗೆ ಕಂಡದ್ದು ದಟ್ಟವಾದ ಅಚ್ಚು. ಬಿಸಿಲು ಬೇಕಿರಲೇ ಇಲ್ಲ.

ಮುಂದಿನ ವಾರಗಳಲ್ಲಿ, ಹೊಳಪಿನ ಗುಣವೇ ಇಲ್ಲದ ಯುರೇನಿಯಂ ಸಂಯುಕ್ತಗಳೂ ಫಲಕವನ್ನು ಕಪ್ಪಾಗಿಸುತ್ತವೆಂದು ಗೊತ್ತಾಯಿತು. ಮೇ ತಿಂಗಳಲ್ಲಿ ಶುದ್ಧ ಯುರೇನಿಯಂ ಲೋಹ ಎಲ್ಲಕ್ಕಿಂತ ಹೆಚ್ಚು ಪ್ರಭಾವ ತೋರಿತು. ಗುಣ ಸಂಯುಕ್ತದ್ದಲ್ಲ, ಧಾತುವಿನದು ಎಂಬುದು ಇಲ್ಲಿಗೆ ಖಚಿತವಾಯಿತು. ಯುರೇನಿಯಂ ಲವಣಗಳಿಂದ ಫಲಕ ಕಪ್ಪಾಗುವುದನ್ನು ಸುಮಾರು 40 ವರ್ಷ ಹಿಂದೆಯೇ ಆಬೆಲ್ ನಿಯೆಪ್ಸ್ ದ ಸಾಂ-ವಿಕ್ಟರ್ ಗಮನಿಸಿದ್ದುಂಟು. ಅದರ ಅರ್ಥ ಆಗ ಯಾರಿಗೂ ಹೊಳೆದಿರಲಿಲ್ಲ. ಬೆಕೆರೆಲ್‌ನ ಶೋಧಕ್ಕೂ ತಕ್ಷಣ ಮನ್ನಣೆ ಸಿಗಲಿಲ್ಲ. ಎಲುಬನ್ನೇ ತೋರಿಸುವ ಕ್ಷ-ಕಿರಣದ ಮುಂದೆ ಯುರೇನಿಯಂ ಕಿರಣಗಳು ತೀರ ಸಪ್ಪೆಯಾಗಿದ್ದವು. ಸುಮಾರು ಎರಡು ವರ್ಷ ಈ ವಿಷಯವನ್ನು ಕೈಗೆತ್ತಿಕೊಂಡವರು ವಿರಳ.

ಕ್ಯೂರಿ ದಂಪತಿಗಳ ಅಳತೆಗಳು

ಸ್ಥಿತಿಯನ್ನು ಬದಲಿಸಿದ್ದು ಅಳತೆಯ ವಿಧಾನ. ವಾರ್ಸಾದಲ್ಲಿ 1867ರಲ್ಲಿ ಹುಟ್ಟಿ, 1891ರಲ್ಲಿ ಪ್ಯಾರಿಸ್ಸಿಗೆ ಓದಲು ಬಂದ ಮೇರಿ ಕ್ಯೂರಿ ಡಾಕ್ಟರೇಟಿಗೆ ಯುರೇನಿಯಂ ಕಿರಣಗಳನ್ನು ಆರಿಸಿಕೊಂಡರು. ಫಲಕದ ಕಪ್ಪನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದನ್ನು ಬಿಟ್ಟು, ಈ ಕಿರಣಗಳು ಗಾಳಿಯನ್ನು ಅಯಾನೀಕರಿಸಿದಾಗ ಹರಿಯುವ ಅತಿ ಕ್ಷೀಣ ವಿದ್ಯುತ್ತನ್ನೇ ಅಳೆದರು. ಅವರ ಪತಿ ಪಿಯರ್ ಕ್ಯೂರಿ, ಅಣ್ಣ ಜಾಕ್ ಜೊತೆ 1880ರಲ್ಲಿ ಸ್ಫಟಿಕಗಳ ಒತ್ತಡ-ವಿದ್ಯುತ್ತನ್ನು ಕಂಡುಹಿಡಿದಿದ್ದರು. ಅದೇ ತತ್ತ್ವದ ಸ್ಫಟಿಕ ಉಪಕರಣವೂ ಒಂದು ವಿದ್ಯುನ್ಮಾಪಕವೂ ಮೇರಿಯವರ ಮುಖ್ಯ ಸಲಕರಣೆಗಳು.

ಫಲಿತಾಂಶ ಸ್ಪಷ್ಟವಾಗಿತ್ತು. ಕಿರಣದ ತೀವ್ರತೆ ಮಾದರಿಯಲ್ಲಿರುವ ಯುರೇನಿಯಂ ಪ್ರಮಾಣವನ್ನು ಮಾತ್ರ ಅವಲಂಬಿಸಿತ್ತು. ಕಾಯಿಸಿದರೂ, ಕರಗಿಸಿದರೂ, ಬೇರೆ ಧಾತುವಿನೊಡನೆ ಸೇರಿಸಿದರೂ ಅದು ಬದಲಾಗಲಿಲ್ಲ. ಥೋರಿಯಂ ಕೂಡ ಹೀಗೆಯೇ ವರ್ತಿಸುತ್ತದೆಂದು 1898ರಲ್ಲಿ ಮೇರಿ ಮತ್ತು ಜರ್ಮನಿಯ ಗೆರ್‌ಹಾರ್ಡ್ ಶ್ಮಿಟ್ ಪ್ರತ್ಯೇಕವಾಗಿ ತೋರಿಸಿದರು. ಆದರೆ ಪಿಚ್‌ಬ್ಲೆಂಡ್ ಎಂಬ ಅದಿರು ಲೆಕ್ಕಕ್ಕೆ ಸಿಗಲಿಲ್ಲ. ಶುದ್ಧ ಯುರೇನಿಯಂಗಿಂತ ಅದರ ತೀವ್ರತೆ ನಾಲ್ಕು ಪಟ್ಟಿನವರೆಗೆ ಹೆಚ್ಚಿತ್ತು. ಗುಣ ಧಾತುವಿನದೇ ಆದರೆ ಅದಿರಿನಲ್ಲಿ ಇನ್ನೊಂದು ಅಜ್ಞಾತ ಧಾತು ಇರಲೇಬೇಕು. ಪಿಯರ್ ತಮ್ಮ ಕೆಲಸ ಬದಿಗಿಟ್ಟು ಜೊತೆಗೂಡಿದರು. 1898ರ ಜುಲೈಯಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ಗುಸ್ತಾವ್ ಬೆಮಾಂಟ್ ನೆರವಿನಿಂದ ರೇಡಿಯಂ ಇರುವಿಕೆ ಪ್ರಕಟವಾಯಿತು.

ಹೊಸ ಧಾತು ಎಂದು ರಸಾಯನವಿಜ್ಞಾನಿಗಳು ಒಪ್ಪಬೇಕಾದರೆ ಪರಮಾಣು ತೂಕ ಬೇಕು. ಅದಕ್ಕೆ ತೂಗುವಷ್ಟು ವಸ್ತು ಬೇಕು. ಬೊಹೀಮಿಯದ ಯೋಆಖಿಮ್‌ಸ್ಟಾಲ್ ಗಣಿಯಿಂದ ಯುರೇನಿಯಂ ತೆಗೆದುಳಿದ ಗಷ್ಟು ಟನ್ನುಗಟ್ಟಲೆ ಬಂತು. ಸೋರುವ ಒಂದು ಕೊಟ್ಟಿಗೆಯಲ್ಲಿ ಅದನ್ನು ಕುದಿಸಿ, ಸೋಸಿ, ಮತ್ತೆ ಮತ್ತೆ ಹರಳುಗಟ್ಟಿಸಿ 1902ರಲ್ಲಿ ಮೇರಿ ಸುಮಾರು 0.1 ಗ್ರಾಂ ರೇಡಿಯಂ ಕ್ಲೋರೈಡ್ ಪಡೆದರು. ಅವರು ಕೊಟ್ಟ ಪರಮಾಣು ತೂಕ 225, ಇಂದಿನ ಬೆಲೆ 226. 1903ರ ಭೌತವಿಜ್ಞಾನದ ನೊಬೆಲ್ ಬೆಕೆರೆಲ್ ಮತ್ತು ಕ್ಯೂರಿ ದಂಪತಿಗೆ ಬಂತು. ಮೊದಲ ನಾಮನಿರ್ದೇಶನದಲ್ಲಿ ಮೇರಿಯವರ ಹೆಸರಿರಲಿಲ್ಲ. ಪಿಯರ್ ಪಟ್ಟು ಹಿಡಿದದ್ದರಿಂದ ಸೇರಿತು. 1911ರಲ್ಲಿ ರಸಾಯನವಿಜ್ಞಾನದ ನೊಬೆಲ್ ಮೇರಿಯವರೊಬ್ಬರಿಗೇ ಸಂದಿತು.

ಮೂರು ಕಿರಣಗಳು, ಒಂದು ನಿಯಮ

ಶಾಲಾ ಪಠ್ಯಗಳಲ್ಲಿ ಆಲ್ಫಾ, ಬೀಟಾ, ಗಾಮಾ ಒಂದೇ ಚಿತ್ರದಲ್ಲಿ ಮೂರು ದಾರಿ ಹಿಡಿಯುತ್ತವೆ. ಇತಿಹಾಸದಲ್ಲಿ ಅವು ಹಾಗೆ ಒಟ್ಟಿಗೆ ಬಂದವಲ್ಲ. 1899ರಲ್ಲಿ ಅರ್ನೆಸ್ಟ್ ರದರ್‌ಫರ್ಡ್ ತೆಳು ಲೋಹದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಬೇಗ ಹೀರಲ್ಪಡುವ ಆಲ್ಫಾವನ್ನೂ ಆಳಕ್ಕೆ ತೂರುವ ಬೀಟಾವನ್ನೂ ಬೇರ್ಪಡಿಸಿದ. ಇನ್ನೂ ಹೆಚ್ಚು ತೂರುವ ಮೂರನೆಯದನ್ನು 1900ರಲ್ಲಿ ಪ್ಯಾರಿಸ್ಸಿನ ಪಾಲ್ ವಿಲ್ಲಾರ್ ಕಂಡ. ಬೀಟಾ ಎಂದರೆ ವೇಗದ ಎಲೆಕ್ಟ್ರಾನುಗಳು ಎಂಬುದನ್ನು ಕಾಂತಕ್ಷೇತ್ರದ ಬಾಗುವಿಕೆ ಬೇಗನೆ ತಿಳಿಸಿತು. ಆಲ್ಫಾ ಕಣ ಹೀಲಿಯಂ ಪರಮಾಣುವಿನದೇ ವಿದ್ಯುದಾವಿಷ್ಟ ರೂಪ ಎಂದು ರದರ್‌ಫರ್ಡ್ ಮತ್ತು ಥಾಮಸ್ ರಾಯ್ಡ್ಸ್ ಸಾಬೀತುಪಡಿಸಲು 1908ರವರೆಗೆ ಕಾಯಬೇಕಾಯಿತು. ಗಾಮಾ ಬೆಳಕಿನ ಜಾತಿಯದೇ ಅತಿ ಚಿಕ್ಕ ತರಂಗದೂರದ ವಿಕಿರಣ ಎಂಬುದು ಇನ್ನೂ ತಡವಾಗಿ ನಿಶ್ಚಯವಾಯಿತು.

ನಿರ್ಣಾಯಕ ಕೆಲಸ ನಡೆದದ್ದು ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ. ಥೋರಿಯಂನಿಂದ ವಿಕಿರಣಶೀಲ ಅನಿಲವೊಂದು ಹೊರಬರುತ್ತದೆಂದೂ ಅದರ ತೀವ್ರತೆ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆಂದೂ ರದರ್‌ಫರ್ಡ್ 1900ರಲ್ಲಿ ಕಂಡಿದ್ದ. ಮರುವರ್ಷ ಯುವ ರಸಾಯನವಿಜ್ಞಾನಿ ಫ್ರೆಡರಿಕ್ ಸಾಡಿ ಜೊತೆಯಾದ. ಇಬ್ಬರೂ ಥೋರಿಯಂನಿಂದ 'ಥೋರಿಯಂ-ಎಕ್ಸ್' ಎಂಬ ತೀವ್ರ ವಿಕಿರಣಶೀಲ ಅಂಶವನ್ನು ಬೇರ್ಪಡಿಸಿದರು. ಬೇರ್ಪಟ್ಟ ಅಂಶ ಸುಮಾರು ನಾಲ್ಕು ದಿನಕ್ಕೊಮ್ಮೆ ಅರ್ಧ ಬಲ ಕಳೆದುಕೊಳ್ಳುತ್ತಿತ್ತು. ಅದೇ ಗತಿಯಲ್ಲಿ ಮೂಲ ಥೋರಿಯಂ ಕಳೆದುಕೊಂಡ ಬಲವನ್ನು ಮರಳಿ ಪಡೆಯುತ್ತಿತ್ತು. ಎರಡು ವಕ್ರರೇಖೆಗಳೂ ಒಂದನ್ನೊಂದು ಸರಿದೂಗಿಸಿದವು. ಥೋರಿಯಂ ಸದಾ ಹೊಸ ಧಾತುವಾಗಿ ಮಾರ್ಪಡುತ್ತಿದೆ, ಆ ಧಾತುವೂ ಮತ್ತೊಂದಾಗುತ್ತಿದೆ ಎಂದು ಅವರು 1902–03ರಲ್ಲಿ ಸಾರಿದರು. ಪರಮಾಣು ಅವಿನಾಶಿ ಎಂಬ ಹತ್ತೊಂಬತ್ತನೆಯ ಶತಮಾನದ ನಂಬಿಕೆ ಅಲ್ಲಿಗೆ ಮುಗಿಯಿತು.

ಒಂದು ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲವೇ ಅರ್ಧಾಯು. ಇದು ಆ ನ್ಯೂಕ್ಲಿಯಸ್ಸಿಗೆ ಅಂಟಿದ ಗುಣ. ಯುರೇನಿಯಂ-238ಕ್ಕೆ ಸುಮಾರು 447 ಕೋಟಿ ವರ್ಷ, ರೇಡಿಯಂ-226ಕ್ಕೆ 1,600 ವರ್ಷ, ರೇಡಾನ್-222ಕ್ಕೆ 3.8 ದಿನ. ಯಾವುದೇ ಒಂದು ಪರಮಾಣು ಯಾವ ಗಳಿಗೆಯಲ್ಲಿ ಒಡೆಯುತ್ತದೆಂದು ಹೇಳಲು ಬಾರದು. ಕೋಟ್ಯಂತರ ಪರಮಾಣುಗಳ ಸಮೂಹ ಮಾತ್ರ ನಿಯಮಕ್ಕೆ ತಪ್ಪದೆ ನಡೆಯುತ್ತದೆ.

1913ರಲ್ಲಿ ಸಾಡಿ ಮತ್ತು ಕಾಸಿಮಿರ್ ಫಾಯಾನ್ಸ್ ಸ್ಥಾನಪಲ್ಲಟ ನಿಯಮವನ್ನು ನಿರೂಪಿಸಿದರು. ಆಲ್ಫಾ ಹೊರಟರೆ ಧಾತು ಆವರ್ತ ಕೋಷ್ಟಕದಲ್ಲಿ ಎರಡು ಮನೆ ಹಿಂದಕ್ಕೆ, ಬೀಟಾ ಹೊರಟರೆ ಒಂದು ಮನೆ ಮುಂದಕ್ಕೆ ಸರಿಯುತ್ತದೆ. ಯುರೇನಿಯಂ-238 ಒಟ್ಟು 8 ಆಲ್ಫಾ, 6 ಬೀಟಾ ಕ್ಷಯಗಳನ್ನು ದಾಟಿ ಸೀಸ-206ರಲ್ಲಿ ನಿಲ್ಲುತ್ತದೆ. ಒಂದೇ ಮನೆಯಲ್ಲಿ ಬೇರೆ ಬೇರೆ ತೂಕದ ಪರಮಾಣುಗಳು ಇರಬಲ್ಲವು ಎಂಬ ಐಸೋಟೋಪಿನ ಕಲ್ಪನೆಯೂ ಸಾಡಿಯದೇ.

ಕಾಲಮಾಪಕವಾಗಿ

ಪಿಯರ್ ಕ್ಯೂರಿ ಮತ್ತು ಆಲ್ಬೆರ್ ಲಾಬೋರ್ದ್ 1903ರಲ್ಲಿ ರೇಡಿಯಂ ಹೊಮ್ಮಿಸುವ ಶಾಖವನ್ನು ಅಳೆದರು. ಒಂದು ಗ್ರಾಂ ರೇಡಿಯಂ ಗಂಟೆಗೆ ಸುಮಾರು 100 ಕ್ಯಾಲರಿ ಶಾಖ ಕೊಡುತ್ತದೆ, ಅದು ತನ್ನ ತೂಕಕ್ಕಿಂತ ಹೆಚ್ಚು ಮಂಜುಗಡ್ಡೆಯನ್ನು ಕರಗಿಸಲು ಸಾಕು. ಇದರ ಪೆಟ್ಟು ಬಿದ್ದದ್ದು ಭೂವಿಜ್ಞಾನದ ಹಳೆಯ ಜಗಳವೊಂದರ ಮೇಲೆ. ಕಾದ ಗೋಳ ತಣ್ಣಗಾಗುವ ಲೆಕ್ಕ ಹಾಕಿ ಲಾರ್ಡ್ ಕೆಲ್ವಿನ್ ಭೂಮಿಗೆ 2ರಿಂದ 4 ಕೋಟಿ ವರ್ಷ ವಯಸ್ಸು ಕೊಟ್ಟಿದ್ದ. ಜೀವವಿಕಾಸಕ್ಕೆ ಅದು ಸಾಲದೆಂದು ಜೀವವಿಜ್ಞಾನಿಗಳು ಪರಿತಪಿಸುತ್ತಿದ್ದರು. ಒಳಗಿಂದಲೇ ಶಾಖ ಹುಟ್ಟುತ್ತಿದ್ದರೆ ಆ ಲೆಕ್ಕದ ಬುಡವೇ ಕುಸಿಯುತ್ತದೆ.

ಬದಲಿ ಲೆಕ್ಕವನ್ನೂ ವಿಕಿರಣಶೀಲತೆಯೇ ಒದಗಿಸಿತು. ಬಂಡೆಯಲ್ಲಿರುವ ಯುರೇನಿಯಂ ಮತ್ತು ಅದರಿಂದ ಹುಟ್ಟಿದ ಸೀಸದ ಅನುಪಾತ ತಿಳಿದರೆ ಬಂಡೆಯ ವಯಸ್ಸು ತಿಳಿಯುತ್ತದೆ. ಅಮೆರಿಕದ ಬರ್ಟ್ರಮ್ ಬೋಲ್ಟ್‌ವುಡ್ 1907ರಲ್ಲಿ ಪ್ರಕಟಿಸಿದ ವಯಸ್ಸುಗಳು 41 ಕೋಟಿಯಿಂದ 220 ಕೋಟಿ ವರ್ಷದವರೆಗೆ ಹರಡಿದ್ದವು. ಉಲ್ಕಾಶಿಲೆಯ ಸೀಸವನ್ನು ವಿಶ್ಲೇಷಿಸಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸನ್ನು ಸುಮಾರು 455 ಕೋಟಿ ವರ್ಷಕ್ಕೆ ನಿಲ್ಲಿಸಿದ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಪರ್ಯಾಯದ್ವೀಪೀಯ ನೈಸ್ ಶಿಲೆಯದು ಎನ್ನುವುದಕ್ಕೂ ಇಂಥ ಐಸೋಟೋಪ್ ಅಳತೆಗಳೇ ಆಧಾರ.

ಸಾವಿರಾರು ವರ್ಷಗಳ ಲೆಕ್ಕಕ್ಕೆ ವಿಲ್ಲರ್ಡ್ ಲಿಬ್ಬಿ 1949ರಲ್ಲಿ ರೂಪಿಸಿದ ಇಂಗಾಲ-14 ವಿಧಾನ ಬಂತು. ಇಂಗಾಲ-14ರ ಅರ್ಧಾಯು ಸುಮಾರು 5,730 ವರ್ಷ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ಇದ್ದಿಲಿನ ಇಂಗಾಲ ಕಾಲನಿರ್ಣಯದಿಂದ ದಕ್ಷಿಣ ಭಾರತದ ಕಬ್ಬಿಣ ಯುಗ ಕ್ರಿ.ಪೂ. 1000ದ ಆಸುಪಾಸಿಗೆ ಹಿಂದೆ ಸರಿಯಿತು.

ನ್ಯೂಕ್ಲಿಯಸ್ಸಿನ ಒಳಗೆ

ಆಲ್ಫಾ ಕಣ ಶೋಧದ ವಸ್ತುವಾಗಿದ್ದದ್ದು ಶೋಧನೆಯ ಸಾಧನವೂ ಆಯಿತು. ಮ್ಯಾಂಚೆಸ್ಟರಿನಲ್ಲಿ 1909ರಲ್ಲಿ ಹಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡನ್ ಅವನ್ನು ತೆಳು ಲೋಹದ ಹಾಳೆಗಳ ಮೇಲೆ ಹಾಯಿಸಿದಾಗ ಸುಮಾರು 8,000ಕ್ಕೆ ಒಂದು ಕಣ ಹಿಂದಕ್ಕೆ ಪುಟಿಯಿತು. ಅದರಿಂದ ರದರ್‌ಫರ್ಡ್ 1911ರಲ್ಲಿ ನ್ಯೂಕ್ಲಿಯಸ್ಸನ್ನು ಊಹಿಸಿದ. 1919ರಲ್ಲಿ ಅವನೇ ಆಲ್ಫಾ ಕಣಗಳಿಂದ ನೈಟ್ರೋಜನ್ನನ್ನು ತಾಡಿಸಿ ಪ್ರೋಟಾನು ಹೊರಬರುವುದನ್ನು ವರದಿ ಮಾಡಿದ. 1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ. ಮೇರಿಯವರ ಮಗಳು ಐರೀನ್ ಮತ್ತು ಅಳಿಯ ಫ್ರೆಡರಿಕ್ ಜೋಲಿಯೋ 1934ರಲ್ಲಿ ಅಲ್ಯೂಮಿನಿಯಂಗೆ ಆಲ್ಫಾ ತಾಡನೆ ಮಾಡಿ ನಿಸರ್ಗದಲ್ಲಿ ಸಿಗದ ವಿಕಿರಣಶೀಲ ರಂಜಕವನ್ನು ಪಡೆದರು. ಇದು ಕೃತಕ ವಿಕಿರಣಶೀಲತೆಯ ಆರಂಭ. ಆಸ್ಪತ್ರೆಗಳಲ್ಲಿ ಬಳಕೆಯಾದ ಕೋಬಾಲ್ಟ್-60, ಅಯೋಡಿನ್-131 ಈ ದಾರಿಯಲ್ಲಿ ಬಂದವು. 1938ರ ಕೊನೆಗೆ ಓಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ನ್ಯೂಟ್ರಾನುಗಳಿಂದ ತಾಡಿಸಿದ ಯುರೇನಿಯಂನಲ್ಲಿ ಬೇರಿಯಂ ಕಂಡರು. ಲೀಜೆ ಮೈಟ್ನರ್ ಮತ್ತು ಓಟೋ ಫ್ರಿಶ್ ಅದನ್ನು ನ್ಯೂಕ್ಲಿಯ ವಿದಳನವೆಂದು ವಿವರಿಸಿದರು. ಏಳು ವರ್ಷದೊಳಗೆ ಈ ವಿದಳನದ ಬಾಂಬುಗಳಿಂದ ಹಿರೋಶಿಮಾ, ನಾಗಸಾಕಿ ಸುಟ್ಟುಹೋದವು.

ಕ್ಷಯ ಏಕೆ ಆಕಸ್ಮಿಕ ಎಂಬುದಕ್ಕೆ ಉತ್ತರ 1928ರಲ್ಲಿ ಸಿಕ್ಕಿತು. ಜಾರ್ಜ್ ಗ್ಯಾಮೋ, ಬೇರೆಯಾಗಿ ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್, ಆಲ್ಫಾ ಕಣ ಶಕ್ತಿತಡೆಯನ್ನು ಸುರಂಗಿಸಿ ಹೊರಬರುವ ಸಂಭಾವ್ಯತೆಯನ್ನು ಕ್ವಾಂಟಂ ಸಿದ್ಧಾಂತದಿಂದ ಲೆಕ್ಕ ಹಾಕಿದರು. ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗದಿದ್ದಾಗ ವುಲ್ಫ್‌ಗಾಂಗ್ ಪೌಲಿ 1930ರಲ್ಲಿ ಕಾಣದ ಕಣವೊಂದನ್ನು ಸೂಚಿಸಿದ. ಈ ನ್ಯೂಟ್ರಿನೋ ಪತ್ತೆಯಾದದ್ದು 1956ರಲ್ಲಿ, ಅಮೆರಿಕದ ಪರಮಾಣು ಸ್ಥಾವರವೊಂದರ ಬಳಿ. ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೋಗಳ ಕುರುಹು 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ದೊರೆಯಿತು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಆ ಗಣಿ ಪ್ರಯೋಗಗಳಿಗೆ ದುಡಿದವರಲ್ಲಿ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಪ್ರಮುಖರು.

ಅಪಾಯದ ಅರಿವು

ಅಪಾಯದ ಸುಳಿವು ಮೊದಲೇ ಇತ್ತು. 1901ರಲ್ಲಿ ಜೇಬಿನಲ್ಲಿಟ್ಟ ರೇಡಿಯಂ ನಳಿಗೆಯಿಂದ ಬೆಕೆರೆಲ್‌ನ ಮೈ ಸುಟ್ಟಿತು. ಪಿಯರ್ ಬೇಕೆಂದೇ ತೋಳಿಗೆ ರೇಡಿಯಂ ಕಟ್ಟಿಕೊಂಡು ಗಾಯವನ್ನು ದಾಖಲಿಸಿದರು. ಅಂಗಾಂಶವನ್ನು ಸುಡುವ ಗುಣ ಗೆಡ್ಡೆಗಳ ಚಿಕಿತ್ಸೆಗೆ ದಾರಿಯಾಯಿತು. ಆದರೆ ಮಾರುಕಟ್ಟೆ ಅದನ್ನು ಚೈತನ್ಯದ ಮದ್ದೆಂದು ನೀರಿನಲ್ಲಿ, ಲೇಪನಗಳಲ್ಲಿ ಮಾರಿತು. ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. ಕ್ಯಾಲ್ಸಿಯಂ ಗುಂಪಿನದೇ ಆದ ರೇಡಿಯಂ ಅವರ ಎಲುಬುಗಳಲ್ಲಿ ನೆಲೆಸಿ ದವಡೆಗಳನ್ನು ಕೊಳೆಯಿಸಿತು. 1928ರಲ್ಲಿ ರಾಜಿಯಲ್ಲಿ ಮುಗಿದ ಅವರ ಮೊಕದ್ದಮೆ ಕಾರ್ಮಿಕ ಸುರಕ್ಷೆಯ ಚರಿತ್ರೆಯಲ್ಲಿ ಮೈಲಿಗಲ್ಲು. ಮೇರಿ ಕ್ಯೂರಿ 1934ರ ಜುಲೈ 4ರಂದು ಅಸ್ಥಿಮಜ್ಜೆ ಸೊರಗುವ ರಕ್ತಹೀನತೆಯಿಂದ ತೀರಿಕೊಂಡರು.

ಸೆಕೆಂಡಿಗೆ ಒಂದು ಕ್ಷಯಕ್ಕೆ ಒಂದು ಬೆಕೆರೆಲ್ ಎಂಬ ಅಂತರರಾಷ್ಟ್ರೀಯ ಏಕಮಾನ 1975ರಲ್ಲಿ ಜಾರಿಗೆ ಬಂತು. ಹಳೆಯ ಏಕಮಾನ ಕ್ಯೂರಿ ಇದರ 3,700 ಕೋಟಿ ಪಟ್ಟು. ದೇಹದ ಮೇಲಿನ ಪರಿಣಾಮವನ್ನು ಸೀವರ್ಟ್‌ಗಳಲ್ಲಿ ಹೇಳುತ್ತಾರೆ.

ಭಾರತ ಮತ್ತು ಕರ್ನಾಟಕ

ಕೇರಳ ಮತ್ತು ತಮಿಳುನಾಡಿನ ಕಡಲ ಮರಳಿನ ಮೊನಜೈಟಿನಲ್ಲಿ ಥೋರಿಯಂ ಹೇರಳವಾಗಿದೆ. ಭಾರತದ ಪರಮಾಣು ಯೋಜನೆಯ ದೂರದೃಷ್ಟಿ ಇದನ್ನೇ ನೆಚ್ಚಿದೆ. ಟ್ರಾಂಬೆಯ 'ಅಪ್ಸರಾ' ಸ್ಥಾವರ 1956ರ ಆಗಸ್ಟಿನಲ್ಲಿ ಚಾಲನೆಗೊಂಡಿತು. ಈ ಕಾರ್ಯಕ್ರಮದ ಮುಂದಾಳುಗಳಲ್ಲೊಬ್ಬರಾದ ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು, ವಿದಳನ ಭೌತವಿಜ್ಞಾನದ ಸಂಶೋಧಕರು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಸ್ಥಾವರದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಪಶ್ಚಿಮಘಟ್ಟದ ಕಾಡಿನ ನಡುವಣ ಈ ಯೋಜನೆಯನ್ನು ಶಿವರಾಮ ಕಾರಂತರು ಬಲವಾಗಿ ವಿರೋಧಿಸಿದ್ದರು. ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಸ್ಥಾಪಿಸಿತು.

ಇಂದಿನ ಸ್ಥಿತಿ

ವಿಕಿರಣಶೀಲ ವಸ್ತುವಿನ ಬಳಕೆ ಇಂದು ಬಹುಮಟ್ಟಿಗೆ ಅರ್ಧಾಯುವಿನ ಆಯ್ಕೆ. ದೇಹದೊಳಗಿನ ಅಂಗಗಳ ಚಿತ್ರಣಕ್ಕೆ ಟೆಕ್ನೀಷಿಯಂ-99ಎಂ ಒಗ್ಗುವುದು ಅದರ ಆರು ಗಂಟೆಯ ಅರ್ಧಾಯುವಿನಿಂದ. ಪರೀಕ್ಷೆ ಮುಗಿಸಲು ಸಾಕಷ್ಟು ಕಾಲ ಸಿಗುತ್ತದೆ, ಮರುದಿನಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಸ್ಥಾವರಗಳ ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,100 ವರ್ಷ. ಕಾಯಿಸಿ, ಒತ್ತಿ, ರಾಸಾಯನಿಕ ಕ್ರಿಯೆಗೆ ಒಳಪಡಿಸಿ ಅದರ ಕ್ಷಯವನ್ನು ಅವಸರಪಡಿಸಲು ಬಾರದು. ಬಂಡೆಗೂ ಇದ್ದಿಲಿಗೂ ವಯಸ್ಸು ಹೇಳಲು ನೆರವಾದ ಅದೇ ಅಚಲ ಗತಿ ತ್ಯಾಜ್ಯದ ವಿಲೇವಾರಿಯನ್ನು ಮನುಷ್ಯನ ಲಿಖಿತ ಚರಿತ್ರೆಗಿಂತ ದೀರ್ಘವಾದ ಹೊಣೆಯಾಗಿ ಮಾಡಿದೆ. ಫಿನ್ಲೆಂಡ್ ಓಂಕಾಲೋ ಎಂಬಲ್ಲಿ ನೆಲದಡಿ 400 ಮೀಟರಿಗೂ ಆಳದ ಗಟ್ಟಿ ಶಿಲೆಯಲ್ಲಿ ಶಾಶ್ವತ ದಾಸ್ತಾನು ಕೊರೆದಿರುವುದು ಈ ಹೊಣೆಗಾಗಿಯೇ.