ಗ್ರಾಫಿಕ್ಸ್ ಕಾರ್ಡ್ ಎಂಬ ಸಸ್ಪೆನ್ಸ್ ಅಕೌಂಟ್

ಇತಿಹಾಸ ಅಂದ ಕೂಡಲೇ ಕೋಟೆ, ಶಾಸನ, ರಾಜಮನೆತನ ನೆನಪಾಗೋದು ಸಹಜ. ಇವತ್ತಿನ ಕಂತಿನಲ್ಲಿ ನಾನು ಹೇಳೋಕೆ ಹೊರಟಿರೋದು ಮೇಜಿನ ಕೆಳಗೆ ಕೂತಿರೋ ಕಂಪ್ಯೂಟರ್‌ನ ಇತಿಹಾಸ. ಆನ್‌ಲೈನ್ ಗೇಮ್ ಆಡ್ತಾ ಇರುವಾಗ ಸ್ಕ್ರೀನ್ ಕಪ್ಪಾಗುತ್ತೆ, ಒಂದು ಮೆಸೇಜ್ ಬರುತ್ತೆ, ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅಂತ ನಾವು ತೀರ್ಮಾನ ಮಾಡ್ತೀವಿ. ಆ ತೀರ್ಮಾನ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು? ತಪ್ಪಾದಾಗ ದುಡ್ಡು ಕಳ್ಕೊಳ್ಳೋದು ಯಾರು? ಇವತ್ತಿನ ವಿಷಯ ಇದು.

2021ರ ಜುಲೈ 20. ಅಮೆಜಾನ್ ಕಂಪನಿಯ ‘ನ್ಯೂ ವರ್ಲ್ಡ್’ ಎಂಬ ಆನ್‌ಲೈನ್ ಗೇಮ್‌ನ ಕ್ಲೋಸ್ಡ್ ಬೀಟಾ ಶುರುವಾಯ್ತು. ಬೀಟಾ ಅಂದ್ರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆಟ. ಒಂದೆರಡು ದಿನದಲ್ಲೇ ಆಟಗಾರರಿಂದ ದೂರುಗಳು ಬರೋಕೆ ಶುರುವಾದವು. ಗೇಮ್ ಆಫ್ ಆಗಿದ್ದಲ್ಲ, ಕಾರ್ಡೇ ಸತ್ತು ಹೋಗಿತ್ತು. ಹೆಚ್ಚಿನ ದೂರುಗಳು ಎನ್‌ವಿಡಿಯಾದ ಆರ್‌ಟಿಎಕ್ಸ್ 3090 ಕಾರ್ಡಿನದು, ಅದರಲ್ಲೂ ಇವಿಜಿಎ ಕಂಪನಿ ತಯಾರಿಸಿದ ಮಾಡೆಲ್‌ಗಳದು. ಆ ಕಾರ್ಡಿನ ಅಧಿಕೃತ ಬೆಲೆ 1,499 ಡಾಲರ್. ಆಗಿನ ವಿನಿಮಯ ದರದಲ್ಲಿ ಲೆಕ್ಕ ಹಾಕಿದ್ರೂ ಲಕ್ಷ ರೂಪಾಯಿ ದಾಟುತ್ತೆ. ಕೆಲವರಿಗೆ ಆಟದ ಒಳಗೆ ಹೋಗುವ ಮೊದಲೇ, ಮೆನು ಪರದೆಯಲ್ಲೇ ಕಾರ್ಡ್ ಕೈಕೊಟ್ಟಿತ್ತು.

ಯಾರ ತಪ್ಪು? ಗೇಮ್‌ನದ್ದಾ, ಕಾರ್ಡ್‌ನದ್ದಾ? ಉತ್ತರಕ್ಕೆ ಬರೋ ಮುಂಚೆ ಸ್ವಲ್ಪ ಹಿಂದೆ ಹೋಗೋಣ.

2007ರಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂತು. ಅದಕ್ಕೂ ಹಿಂದಿನ ಎಕ್ಸ್‌ಪಿ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಹಾಕಿಕೊಂಡ್ರೆ ಸಾಮಾನ್ಯವಾಗಿ ಇಡೀ ಕಂಪ್ಯೂಟರ್ ನಿಂತು ಹೋಗ್ತಿತ್ತು. ನೀಲಿ ಪರದೆ, ಇಲ್ಲಾಂದ್ರೆ ರೀಸ್ಟಾರ್ಟ್ ಬಟನ್. ವಿಸ್ಟಾ ಒಂದು ಹೊಸ ವ್ಯವಸ್ಥೆ ತಂತು. ಅದರ ಹೆಸರು ಟಿಡಿಆರ್. ಕಾರ್ಡಿಗೆ ಒಂದು ಕೆಲಸ ಕೊಟ್ಟ ಮೇಲೆ ವಿಂಡೋಸ್ 2 ಸೆಕೆಂಡ್ ಕಾಯುತ್ತೆ. ಅಷ್ಟರಲ್ಲಿ ಉತ್ತರ ಬರದಿದ್ರೆ ಡ್ರೈವರನ್ನು ತಾನೇ ರೀಸೆಟ್ ಮಾಡಿ, ಡಿಸ್‌ಪ್ಲೇ ಡ್ರೈವರ್ ಸ್ಪಂದಿಸಲಿಲ್ಲ, ಈಗ ಸರಿ ಹೋಗಿದೆ ಅನ್ನುವ ಅರ್ಥದ ಮೆಸೇಜ್ ತೋರಿಸುತ್ತೆ. ಕಂಪ್ಯೂಟರ್ ಉಳಿಯುತ್ತೆ, ಗೇಮ್ ಬಹುತೇಕ ಬಿದ್ದು ಹೋಗುತ್ತೆ.

ಇದು ಒಳ್ಳೆಯ ವ್ಯವಸ್ಥೆಯೇ. ಆದ್ರೆ ಆ ಮೆಸೇಜ್ ಏನು ಹೇಳುತ್ತೆ, ಏನು ಹೇಳಲ್ಲ ಅಂತ ಗಮನಿಸಿ. ಕಾರ್ಡ್ ಉತ್ತರ ಕೊಡಲಿಲ್ಲ ಅನ್ನೋದಷ್ಟೇ ಅದಕ್ಕೆ ಗೊತ್ತು. ಪವರ್ ಸಪ್ಲೈಯಿಂದ ಸರಿಯಾಗಿ ಕರೆಂಟ್ ಬರಲಿಲ್ವಾ, ರ್‍ಯಾಮ್ ಕೆಟ್ಟ ಲೆಕ್ಕ ಕೊಡ್ತಾ, ಡ್ರೈವರ್‌ನಲ್ಲಿ ದೋಷ ಇತ್ತಾ, ಗೇಮ್ ಅಸಾಧ್ಯವಾದ ಕೆಲಸ ಕೊಡ್ತಾ, ಯಾವುದೂ ಅದಕ್ಕೆ ಗೊತ್ತಿಲ್ಲ. ಎಡವಿದ ಜಾಗ ಒಂದು, ಬಿದ್ದ ಜಾಗ ಇನ್ನೊಂದು. ಮೆಸೇಜ್ ತೋರಿಸೋದು ಬಿದ್ದ ಜಾಗವನ್ನ.

ನಾನು ಓದಿದ್ದು ಬಿಕಾಂ. ಅಲ್ಲಿ ಮೊದಲ ವರ್ಷದಲ್ಲೇ ಟ್ರಯಲ್ ಬ್ಯಾಲೆನ್ಸ್ ಅಂತ ಒಂದು ಬರುತ್ತೆ. ಎಡಗಡೆ ಮೊತ್ತ, ಬಲಗಡೆ ಮೊತ್ತ ಸರಿಹೊಂದಬೇಕು. ಹೊಂದದಿದ್ರೆ ಎಲ್ಲೋ ತಪ್ಪಾಗಿದೆ ಅಂತ ಗೊತ್ತಾಗುತ್ತೆ, ಎಲ್ಲಿ ಅಂತ ಗೊತ್ತಾಗಲ್ಲ. ಆಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ‘ಸಸ್ಪೆನ್ಸ್ ಅಕೌಂಟ್’ ಎಂಬ ಖಾತೆಗೆ ಹಾಕ್ತಾರೆ. ತಪ್ಪು ಸಿಕ್ಕಿದ ಮೇಲೆ ಆ ಖಾತೆ ಮುಚ್ಚಬೇಕು, ಅದು ನಿಯಮ. ನನಗನ್ನಿಸೋದು, ಗೇಮಿಂಗ್ ಲೋಕದಲ್ಲಿ ಗ್ರಾಫಿಕ್ಸ್ ಕಾರ್ಡೇ ಸಸ್ಪೆನ್ಸ್ ಅಕೌಂಟ್. ಲೆಕ್ಕ ಸಿಗದ ಪ್ರತಿ ಕ್ರ್ಯಾಶ್ ಅದರ ತಲೆಗೆ. ಎಷ್ಟೋ ಸಲ ಆ ಖಾತೆಯನ್ನ ಯಾರೂ ಮುಚ್ಚೋದೇ ಇಲ್ಲ.

ಈಗ 2010ಕ್ಕೆ ಬನ್ನಿ. ಜುಲೈ 27ಕ್ಕೆ ಬ್ಲಿಝಾರ್ಡ್ ಕಂಪನಿಯ ‘ಸ್ಟಾರ್‌ಕ್ರಾಫ್ಟ್ 2’ ಬಿಡುಗಡೆ ಆಯ್ತು. ಕೆಲವರ ಕಾರ್ಡ್‌ಗಳು ವಿಪರೀತ ಬಿಸಿಯಾಗೋಕೆ ಶುರುವಾದವು. ವಿಚಿತ್ರ ಅಂದ್ರೆ, ಬಿಸಿ ಏರ್ತಿದ್ದದ್ದು ದೊಡ್ಡ ಯುದ್ಧದ ದೃಶ್ಯಗಳಲ್ಲಲ್ಲ, ಏನೂ ನಡೆಯದ ಮೆನುವಿನಂಥ ಪರದೆಗಳಲ್ಲಿ. ಕಾರಣ ಸರಳ. ದೃಶ್ಯ ಹಗುರವಾಗಿದ್ರೆ ಒಂದು ಫ್ರೇಮ್ ಬರೆಯೋದು ಕಾರ್ಡಿಗೆ ಕ್ಷಣದ ಕೆಲಸ. ಸೆಕೆಂಡಿಗೆ ಇಷ್ಟೇ ಫ್ರೇಮ್ ಸಾಕು ಅಂತ ಗೇಮ್ ಮಿತಿ ಹಾಕದಿದ್ರೆ ಕಾರ್ಡ್ ನೂರಾರು ಫ್ರೇಮ್ ಬರೀತಾನೇ ಇರುತ್ತೆ. ಗಾಡಿಯನ್ನ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದ ಹಾಗೆ. ಗಾಡಿ ಎಲ್ಲೂ ಹೋಗಲ್ಲ, ಎಂಜಿನ್ ಮಾತ್ರ ಕಾಯುತ್ತೆ.

ಬ್ಲಿಝಾರ್ಡ್ ಕೊಟ್ಟ ಪರಿಹಾರ ಒಂದು ಸಣ್ಣ ಟೆಕ್ಸ್ಟ್ ಫೈಲಿಗೆ ಎರಡು ಸಾಲು ಸೇರಿಸೋದು. ಆಟದೊಳಗೆ 60 ಫ್ರೇಮ್, ಮೆನುವಿನಲ್ಲಿ 30 ಫ್ರೇಮ್ ಮಿತಿ. ಜೊತೆಗೆ ಕಂಪನಿ ಹೇಳಿದ್ದು, ಕೂಲಿಂಗ್ ಸಾಲದ ಕಂಪ್ಯೂಟರ್‌ಗಳಲ್ಲಿ ಹೀಗಾಗುತ್ತೆ ಅಂತ. ಅದು ಸುಳ್ಳಲ್ಲ. ಆದ್ರೆ ಅರ್ಧ ನಿಜ. ಇನ್ನರ್ಧ, ಆ ಮಿತಿಯನ್ನ ಗೇಮ್‌ನಲ್ಲಿ ಮೊದಲೇ ಹಾಕಿ ಕೊಡಬಹುದಿತ್ತು ಅನ್ನೋದು.

ಹತ್ತು ವರ್ಷ ದಾಟಿ 2020ರ ಸೆಪ್ಟೆಂಬರ್ 17ಕ್ಕೆ ಬರೋಣ. ಆರ್‌ಟಿಎಕ್ಸ್ 3080 ಮಾರಾಟ ಶುರುವಾದ ದಿನ. ಕೊಂಡವರಲ್ಲಿ ಕೆಲವರಿಗೆ ಗೇಮ್ ಆಡ್ತಾ ಇದ್ದಂತೆ ಡೆಸ್ಕ್‌ಟಾಪ್‌ಗೆ ಬಂದು ಬೀಳೋ ಅನುಭವ. ಅನುಮಾನ ಹೋಗಿದ್ದು ಕಾರ್ಡಿನ ಹಿಂಬದಿಯ ಕೆಪಾಸಿಟರ್‌ಗಳ ಮೇಲೆ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಥರದ ಕೆಪಾಸಿಟರ್ ಹಾಕಿದ್ದವು. ಒಂದು ನಿರ್ದಿಷ್ಟ ಜೋಡಣೆ ತಮ್ಮ ಪರೀಕ್ಷೆಯಲ್ಲೇ ಪಾಸ್ ಆಗಲಿಲ್ಲ, ಅದಕ್ಕೇ ವಿನ್ಯಾಸ ಬದಲಿಸಿದೆವು ಅಂತ ಇವಿಜಿಎ ಒಪ್ಪಿಕೊಂಡಿತು. ಹಾರ್ಡ್‌ವೇರ್ ದೋಷ ಅಂತ ಎಲ್ಲರೂ ಷರಾ ಬರೆಯುವಷ್ಟರಲ್ಲಿ, ಅದೇ ತಿಂಗಳ 28ಕ್ಕೆ ಎನ್‌ವಿಡಿಯಾ 456.55 ಸಂಖ್ಯೆಯ ಹೊಸ ಡ್ರೈವರ್ ಬಿಟ್ಟಿತು. ಬಹಳ ಜನರ ಕ್ರ್ಯಾಶ್ ನಿಂತೇ ಹೋಯ್ತು. ಹಾಗಾದ್ರೆ ದೋಷ ಕೆಪಾಸಿಟರ್‌ನದ್ದಾ, ಡ್ರೈವರ್‌ನದ್ದಾ? ಕಾರ್ಡಿನ ವೇಗವನ್ನ ಅಂಚಿನ ತನಕ ತಳ್ಳೋದು ಡ್ರೈವರ್, ಅಂಚಿನಲ್ಲಿ ತಡೆದುಕೊಳ್ಳಬೇಕಾದ್ದು ಕೆಪಾಸಿಟರ್. ಎರಡನ್ನೂ ಬಿಡಿಸಿ ನೋಡೋಕಾಗಲ್ಲ.

ಈಗ ಮತ್ತೆ 2021ರ ನ್ಯೂ ವರ್ಲ್ಡ್. ಅಮೆಜಾನ್ ಹೇಳಿದ್ದು, ನಮ್ಮ ಗೇಮ್ ವಿಂಡೋಸ್ ಒದಗಿಸುವ ಮಾಮೂಲಿ ಡೈರೆಕ್ಟ್‌ಎಕ್ಸ್ ಆದೇಶಗಳನ್ನಷ್ಟೇ ಬಳಸುತ್ತೆ, ಲಕ್ಷಾಂತರ ಜನ ತೊಂದರೆ ಇಲ್ಲದೆ ಆಡ್ತಿದ್ದಾರೆ ಅಂತ. ಹಾಗೆ ಹೇಳಿಯೂ ಮೆನು ಪರದೆಗೆ ಫ್ರೇಮ್ ಮಿತಿ ಹಾಕುವ ಪ್ಯಾಚ್ ಬಿಟ್ಟಿತು. 2010ರ ಪಾಠವನ್ನ 2021ರಲ್ಲಿ ಇನ್ನೊಂದು ಕಂಪನಿ ಮತ್ತೆ ಕಲಿಯಿತು ಅನ್ನಿ.

ಇತ್ತ ಇವಿಜಿಎ ಸತ್ತ ಕಾರ್ಡ್‌ಗಳನ್ನ ತರಿಸಿಕೊಂಡು ಎಕ್ಸ್‌ರೇ ತೆಗೆಸಿತು. ಸೆಪ್ಟೆಂಬರ್‌ನಲ್ಲಿ ಉತ್ತರ ಹೊರಬಂತು. ಕಾರ್ಡಿನ ಮಾಸ್‌ಫೆಟ್ ಸರ್ಕ್ಯೂಟ್‌ಗಳ ಸುತ್ತ ಬೆಸುಗೆ ಕೆಲಸ ಕಳಪೆಯಾಗಿತ್ತು. ಮಾಸ್‌ಫೆಟ್ ಅಂದ್ರೆ ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನ ಚಿಪ್‌ಗೆ ಬೇಕಾದ ಸುಮಾರು 1 ವೋಲ್ಟ್‌ಗೆ ಇಳಿಸುವ ಪುಟ್ಟ ಸ್ವಿಚ್. 3090 ಬಳಸೋದು 350 ವಾಟ್. ಅಷ್ಟು ವಾಟನ್ನ ಅಷ್ಟು ಕಡಿಮೆ ವೋಲ್ಟ್‌ನಲ್ಲಿ ಕೊಡಬೇಕಾದ್ರೆ ನೂರಾರು ಆಂಪಿಯರ್ ಕರೆಂಟ್ ಹರೀಬೇಕು. ಬೆಸುಗೆ ಸಡಿಲ ಇದ್ರೆ ಏನಾಗುತ್ತೆ ಅಂತ ನೀವೇ ಊಹಿಸಿ. ಕೆಟ್ಟಿದ್ದು ಸುಮಾರು ಎರಡು ಡಜನ್ ಕಾರ್ಡ್, ಎಲ್ಲವೂ 2020ರಲ್ಲಿ ತಯಾರಾದ ಮೊದಮೊದಲ ಕಾರ್ಡ್‌ಗಳು, ಮಾರಿದ ಒಟ್ಟು 3090ಗಳಲ್ಲಿ ಶೇಕಡ 1ಕ್ಕಿಂತ ಕಡಿಮೆ ಅಂತ ಕಂಪನಿ ಹೇಳಿತು. ಬದಲಿ ಕಾರ್ಡ್‌ಗಳನ್ನೂ ಕಳಿಸಿತು.

‘ಸಾವಿಗೊಂದು ನೆಪ’ ಅಂತ ನಮ್ಮ ಕಡೆ ಹಿರಿಯರು ಹೇಳ್ತಾರಲ್ಲ, ಇಲ್ಲೂ ಹಾಗೇ. ಬೆಸುಗೆ ಕಾರಣ, ಗೇಮ್ ನೆಪ. ಮಿತಿ ಇಲ್ಲದ ಮೆನು ಇಲ್ಲದಿದ್ರೆ ಆ ಕಾರ್ಡ್‌ಗಳು ವಾರಂಟಿ ಮುಗಿಯೋ ತನಕ ಬದುಕಿ, ಆಮೇಲೆ ಸಾಯ್ತಿದ್ವೋ ಏನೋ. ಆಗ ನಷ್ಟ ಪೂರ್ತಿ ಕೊಂಡವನದ್ದೇ ಆಗ್ತಿತ್ತು. ಹಾಗೆ ನೋಡಿದ್ರೆ ಆ ಬೀಟಾ ಕೆಲವರಿಗೆ ಉಪಕಾರವನ್ನೇ ಮಾಡಿದೆ.

ಇಲ್ಲಿಯವರೆಗಿನ ಕಥೆಗಳಲ್ಲಿ ಕಾರ್ಡಿನ ಪಾಲು ಸ್ವಲ್ಪವಾದ್ರೂ ಇತ್ತು. ಕೊನೆಯ ಕಥೆಯಲ್ಲಿ ಅದೂ ಇಲ್ಲ.

2022ರ ಅಕ್ಟೋಬರ್‌ನಲ್ಲಿ ಇಂಟೆಲ್‌ನ 13ನೇ ತಲೆಮಾರಿನ ಪ್ರೊಸೆಸರ್, ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ 14ನೇ ತಲೆಮಾರು ಬಂದವು. ಇವುಗಳಲ್ಲಿ ದುಬಾರಿ ಮಾಡೆಲ್ ಹಾಕಿಸಿಕೊಂಡವರಿಗೆ ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಗೇಮ್‌ಗಳು ಬೀಳೋಕೆ ಶುರುವಾದವು. ಪರದೆ ಮೇಲೆ ಬರ್ತಿದ್ದ ಮೆಸೇಜ್, ವಿಡಿಯೋ ಮೆಮೊರಿ ಸಾಲುತ್ತಿಲ್ಲ ಅಂತ. 24 ಜಿಬಿ ಮೆಮೊರಿ ಇರುವ ಕಾರ್ಡ್ ಇದ್ದವರಿಗೂ ಅದೇ ಮೆಸೇಜ್! ಇದನ್ನ ಓದಿದ ಯಾರೇ ಆಗ್ಲಿ ಮೊದಲು ಬೈಯೋದು ಗ್ರಾಫಿಕ್ಸ್ ಕಾರ್ಡನ್ನೇ. ಡ್ರೈವರ್ ತೆಗೆದು ಹಾಕ್ತಾರೆ, ಕಾರ್ಡ್ ಬಿಚ್ಚಿ ಸಿಕ್ಕಿಸ್ತಾರೆ, ಕೊನೆಗೆ ಕಾರ್ಡನ್ನೇ ಬದಲಿಸ್ತಾರೆ. ಕ್ರ್ಯಾಶ್ ಹಾಗೇ ಇರುತ್ತೆ.

ನಿಜವಾಗಿ ನಡೀತಿದ್ದದ್ದು ಬೇರೆ. ಗೇಮ್‌ನ ಡೇಟಾ ಕುಗ್ಗಿಸಿದ ರೂಪದಲ್ಲಿರುತ್ತೆ. ಅದನ್ನ ಬಿಚ್ಚೋದು, ಷೇಡರ್‌ಗಳನ್ನ ಸಿದ್ಧ ಮಾಡೋದು ಪ್ರೊಸೆಸರ್‌ನ ಕೆಲಸ. ಪ್ರೊಸೆಸರೇ ಲೆಕ್ಕ ತಪ್ಪಿದ್ರೆ ಮುಂದಿನ ಹಂತ ಕುಸಿಯುತ್ತೆ, ಕುಸಿದ ಜಾಗದಲ್ಲಿ ಗ್ರಾಫಿಕ್ಸ್ ಅಂತ ಬೋರ್ಡ್ ಇರುತ್ತೆ. ಡೇಟಾ ಕುಗ್ಗಿಸುವ ‘ಊಡಲ್’ ತಂತ್ರಾಂಶದ ತಂಡ 2024ರ ಆರಂಭದಲ್ಲೇ ಇದು ಪ್ರೊಸೆಸರ್ ಕಡೆಯ ಸಮಸ್ಯೆ ಅಂತ ಬರೆದಿತ್ತು. ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಕೂಡ ತನ್ನ ಗ್ರಾಹಕರನ್ನ ಇಂಟೆಲ್ ಕಡೆ ಕಳಿಸಿತು. ಇಂಟೆಲ್ ಆಗ ಬೆರಳು ತೋರಿಸಿದ್ದು ಮದರ್‌ಬೋರ್ಡ್ ಕಂಪನಿಗಳ ಸೆಟ್ಟಿಂಗ್ ಕಡೆಗೆ. ಜುಲೈನಲ್ಲಿ ‘ಪಾತ್ ಆಫ್ ಟೈಟನ್ಸ್’ ಎಂಬ ಆನ್‌ಲೈನ್ ಡೈನೋಸಾರ್ ಗೇಮ್ ಮಾಡುವ ಆಲ್ಡೆರಾನ್ ಗೇಮ್ಸ್, ತಾವು ಪರೀಕ್ಷಿಸಿದ ಇಂಥ ಪ್ರೊಸೆಸರ್‌ಗಳು ಹೆಚ್ಚುಕಡಿಮೆ ಎಲ್ಲವೂ ಕೆಡುತ್ತಿವೆ, ಸರ್ವರ್‌ಗಳನ್ನ ಎಎಂಡಿಗೆ ಬದಲಿಸ್ತೀವಿ ಅಂತ ಬಹಿರಂಗವಾಗೇ ಹೇಳಿತು. ಅದೇ ತಿಂಗಳು ಇಂಟೆಲ್ ಒಪ್ಪಿಕೊಂಡಿತು: ತನ್ನದೇ ಮೈಕ್ರೋಕೋಡ್ ಪ್ರೊಸೆಸರ್‌ಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳ್ತಿತ್ತು. ಆಗಸ್ಟ್‌ನಲ್ಲಿ ಸರಿಪಡಿಸುವ ಅಪ್‌ಡೇಟ್ ಬಂತು, ವಾರಂಟಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಆದ್ರೆ ಆಗಲೇ ಹಾಳಾದ ಪ್ರೊಸೆಸರ್ ಅಪ್‌ಡೇಟ್‌ನಿಂದ ಸರಿಯಾಗಲ್ಲ. ಬದಲಿಸಲೇಬೇಕು.

ಈ ಎರಡು ವರ್ಷದಲ್ಲಿ ಸುಮ್ಮನೆ ಕಾರ್ಡ್ ಬದಲಿಸಿದವರಿಗೆ ಆ ದುಡ್ಡು ಯಾರು ಕೊಡ್ತಾರೆ? ಯಾರೂ ಕೊಡಲ್ಲ. ಸಸ್ಪೆನ್ಸ್ ಅಕೌಂಟನ್ನ ಮುಚ್ಚದೆ ಬಿಟ್ಟರೆ ಬರೋ ನಷ್ಟ ಇದೇ.

ಹಾಗಾಗಿ ನಿಮ್ಮ ಗೇಮ್ ಬಿದ್ದಾಗ ಕಾರ್ಡಿಗೆ ಶಿಕ್ಷೆ ಕೊಡೋ ಮುಂಚೆ ವಿಚಾರಣೆ ನಡೆಸಿ. ಒಂದೇ ಗೇಮ್ ಬೀಳ್ತಿದೆಯಾ, ಎಲ್ಲವೂ ಬೀಳ್ತಿವೆಯಾ ನೋಡಿ. ಫ್ರೇಮ್ ಮಿತಿ ಹಾಕಿ. ಓವರ್‌ಕ್ಲಾಕ್ ಇದ್ರೆ ತೆಗೀರಿ, ರ್‍ಯಾಮ್‌ನ ಎಕ್ಸ್‌ಎಂಪಿ ಆಫ್ ಮಾಡಿ. ಡ್ರೈವರ್ ಹಳೇದೊಂದು, ಹೊಸದೊಂದು ಹಾಕಿ ನೋಡಿ. ಪವರ್ ಕೇಬಲ್ ಪೂರ್ತಿ ಕೂತಿದೆಯಾ ನೋಡಿ. ಬಯೋಸ್ ಅಪ್‌ಡೇಟ್ ಮಾಡಿ. ಆಗ್ಲೂ ನಿಲ್ಲದಿದ್ರೆ ಗೆಳೆಯರ ಕಂಪ್ಯೂಟರ್‌ನಲ್ಲಿ ನಿಮ್ಮ ಕಾರ್ಡ್ ಹಾಕಿ ಆಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ರೆ ಕ್ರ್ಯಾಶ್ ನಿಲ್ಲಬಹುದು, ಯಾಕೆ ನಿಂತಿತು ಅಂತ ಗೊತ್ತಾಗಲ್ಲ.

ಇನ್ನೊಂದು ಮಾತು. ಬರೆದಿಡಿ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ದಿನಾಂಕದ ಸಮೇತ ಕ್ರ್ಯಾಶ್‌ಗಳನ್ನ ತೋರಿಸುತ್ತೆ. ಈವೆಂಟ್ ವ್ಯೂವರ್‌ನಲ್ಲಿ 4101 ಅಂತ ಕಂಡ್ರೆ ಅದು ನಾನು ಹೇಳಿದ ಆ 2 ಸೆಕೆಂಡಿನ ಕಥೆ. ಸ್ಕ್ರೀನ್‌ಶಾಟ್ ತೆಗೆದಿಡಿ, ಬಿಲ್ ಜೋಪಾನವಾಗಿಡಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಕಾರ್ಡ್ ತಗೊಳ್ಳೋರು ಬಿಲ್ ಮತ್ತು ವಾರಂಟಿ ದಿನಾಂಕ ಕೇಳಿಯೇ ತಗೊಳ್ಳಿ.

ಯಾಕಂದ್ರೆ ಈ ಇತಿಹಾಸದಲ್ಲಿ ಒಂದು ಕಂಪನಿಯೂ ಮೊದಲ ದಿನವೇ ತಪ್ಪು ನಮ್ಮದು ಅಂತ ಎದ್ದು ನಿಲ್ಲಲಿಲ್ಲ. ನ್ಯೂ ವರ್ಲ್ಡ್‌ನಲ್ಲಾಗ್ಲಿ, ಇಂಟೆಲ್ ವಿಷಯದಲ್ಲಾಗ್ಲಿ, ಉತ್ತರ ಹೊರಬಂದದ್ದು ಸಾಮಾನ್ಯ ಆಟಗಾರರು ಯಾವ ಮಾಡೆಲ್, ಯಾವ ಪರದೆ, ಯಾವ ದಿನ ಅಂತ ಒಂದೊಂದನ್ನೂ ಬರೆದು ಒಟ್ಟುಗೂಡಿಸಿದ್ದರಿಂದ. ಒಬ್ಬರ ಕ್ರ್ಯಾಶ್ ಬರೀ ದೂರು. ಸಾವಿರ ಜನರದ್ದು ಸೇರಿದ್ರೆ ಅದು ಸಾಕ್ಷಿ.

ನಿಮ್ಮ ಕಂಪ್ಯೂಟರ್‌ನಲ್ಲೂ ಇಂಥದ್ದೊಂದು ಬಗೆಹರಿಯದ ಕೇಸ್ ಇದ್ರೆ ಕಳಿಸಿ, ಮೆಸೇಜ್‌ನಲ್ಲಿ ಏನಿತ್ತು, ಕೊನೆಗೆ ಕಾರಣ ಏನು ಸಿಕ್ತು, ಎರಡನ್ನೂ ಬರೀರಿ. ಮುಂದಿನ ಕಂತಿನಲ್ಲಿ ಸಿಗೋಣ. ಅಲ್ಲಿಯ ತನಕ ಫ್ರೇಮ್ ಮಿತಿ ಆನ್ ಇರಲಿ.