ಟಿ.ಸಿ. ಕೊಟ್ಟು ಕಳಸ್ತೀನಿ!

ನಮ್ಮ ಕಾಲದ ಹೆಡ್‌ಮಾಸ್ಟರುಗಳ ಹತ್ತಿರ ಬೆತ್ತಕ್ಕಿಂತ ದೊಡ್ಡ ಆಯುಧ ಒಂದಿತ್ತು. "ಟಿ.ಸಿ. ಕೊಟ್ಟು ಕಳಸ್ತೀನಿ ನೋಡ್ ಮಗನ!" ರಾಯಚೂರು ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನಿಗೆ ಒಂದು ದಿನ ಅದನ್ನು ಕೊಟ್ಟೇ ಬಿಟ್ಟರು. ಶೇಂಗಾ ಕೀಳುವ ಕೂಲಿಗೆ ಹೋಗಿ ತಿಂಗಳುಗಟ್ಟಲೆ ಗೈರುಹಾಜರಾಗಿದ್ದ, ಕೇಳಿದ್ದಕ್ಕೆ ಎದುರುತ್ತರ ಕೊಟ್ಟಿದ್ದ. ಅಷ್ಟೇ. ಆ ಕಾಗದ ಹಿಡಕೊಂಡು ಅವನು ಬೇರೆ ಯಾವ ಶಾಲೆಗೂ ಹೋಗಲಿಲ್ಲ. ನಾನು ಓದಿ ಹೈದರಾಬಾದಿಗೆ ಬಂದೆ.

ಈ ಹೊರಹಾಕುವ ಅಧಿಕಾರದ ಚರಿತ್ರೆ ಹಳೆಯದು. ಬಂಗಾಳ ವಿಭಜನೆಯ ಗಲಾಟೆಯಲ್ಲಿ, 1905ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಸರ್ಕಾರ ಹೊರಡಿಸಿದ 'ಕಾರ್ಲೈಲ್ ಸುತ್ತೋಲೆ' ವಿದ್ಯಾರ್ಥಿಗಳು ಚಳವಳಿಗೆ ಇಳಿಯದಂತೆ ತಡೆಯುವ ಹೊಣೆಯನ್ನು ಶಾಲೆಗಳ ತಲೆಗೆ ಕಟ್ಟಿತು. ಹಾಗೆ ಹೊರಬಿದ್ದ ಹುಡುಗರಿಗಾಗಿಯೇ ರಂಗ್‌ಪುರದಲ್ಲಿ ರಾಷ್ಟ್ರೀಯ ಶಾಲೆ ಹುಟ್ಟಿತು. ನಮ್ಮ ಹೈದರಾಬಾದೂ ಇದರಲ್ಲಿ ಹಿಂದೆ ಬೀಳಲಿಲ್ಲ. 1938ರಲ್ಲಿ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಎದ್ದ ಗಲಾಟೆಯಲ್ಲಿ ವಿದ್ಯಾರ್ಥಿಗಳನ್ನು ಹೊರಹಾಕಿದರು. ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಹಾಗೆ ಹೋದವರಲ್ಲಿ ಒಬ್ಬರು ಪಿ.ವಿ. ನರಸಿಂಹರಾಯರು, ಮುಂದೆ ದೇಶದ ಪ್ರಧಾನಿ! 'ರಸ್ಟಿಕೇಟ್' ಅನ್ನುವ ಪದದ ಮೂಲಾರ್ಥವೇ ಹಳ್ಳಿಗೆ ಅಟ್ಟುವುದು. ಹಳ್ಳಿಯಲ್ಲೇ ಇದ್ದವನನ್ನು ಎಲ್ಲಿಗೆ ಅಟ್ಟುತ್ತೀರಿ ಅಂತ ನನಗೆ ಆಗಾಗ ಅನಿಸುತ್ತದೆ.

ಹಾಡಿದ್ದಕ್ಕೆ ಹೊರಹಾಕಿದ ಕಥೆ ಇದಾದರೆ, ಹಾಡದ್ದಕ್ಕೆ ಹೊರಹಾಕಿದ ಕಥೆಯೂ ಇದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಪಂಥಕ್ಕೆ ಸೇರಿದ ಒಂದೇ ಮನೆಯ ಮೂರು ಮಕ್ಕಳು 10, 9 ಮತ್ತು 5ನೇ ತರಗತಿಯಲ್ಲಿ ಓದುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಅಲ್ಲೇ ಹೀಗೆಯೇ ಓದಿ ಹೋಗಿದ್ದರು, ಯಾರೂ ತಕರಾರು ಮಾಡಿರಲಿಲ್ಲ. 1985ರಲ್ಲಿ ಒಬ್ಬ ಶಾಸಕರು ಇದನ್ನು ಗಮನಿಸಿ ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆ ನಡೆಸಿದವರು ಮಕ್ಕಳು ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟರು. ಆದರೂ ಮೇಲಿನವರ ಸೂಚನೆಯಂತೆ ಜುಲೈ 26ರಂದು ಮೂವರೂ ಹೊರಗೆ. ತಂದೆ ಬೇಡಿಕೊಂಡರು, ಮುಖ್ಯೋಪಾಧ್ಯಾಯಿನಿ ನನ್ನ ಕೈಯಲ್ಲಿಲ್ಲ ಅಂದರು. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ತೀರ್ಪು ಕೊಟ್ಟರು. ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಎದ್ದು ನಿಂತಿದ್ದೇ ಗೌರವ ಎಂಬುದು ಅದರ ಸಾರ. ಬಿಜೋ ಇಮ್ಯಾನುಯೆಲ್ ಮೊಕದ್ದಮೆ ಎಂದು ಇದು ಪ್ರಸಿದ್ಧ.

ಆ ಮಕ್ಕಳನ್ನು ಉಳಿಸಿದ್ದು ವಾಕ್ ಸ್ವಾತಂತ್ರ್ಯ ಮತ್ತು ಧಾರ್ಮಿಕ ಸ್ವಾತಂತ್ರ್ಯ. ಶಿಕ್ಷಣದ ಹಕ್ಕು ಅಲ್ಲ, ಅದು ಆಗ ಮೂಲಭೂತ ಹಕ್ಕಾಗಿರಲೇ ಇಲ್ಲ! ಆ ಮಾತನ್ನು ಸುಪ್ರೀಂ ಕೋರ್ಟ್ ಹೇಳಿದ್ದು 1992ರಲ್ಲಿ, ಮೋಹಿನಿ ಜೈನ್ ಮೊಕದ್ದಮೆಯಲ್ಲಿ. ಅದು ನಮ್ಮ ತುಮಕೂರಿನ ಮೆಡಿಕಲ್ ಕಾಲೇಜೊಂದರ ಕ್ಯಾಪಿಟೇಶನ್ ಶುಲ್ಕದ ಜಗಳದಿಂದ ಹುಟ್ಟಿದ್ದು. ಮಾರನೇ ವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಅದನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿದರು. 2002ರ 86ನೇ ತಿದ್ದುಪಡಿಯಿಂದ ಅದು 6ರಿಂದ 14ರ ವಯಸ್ಸಿನವರ ಹಕ್ಕಾಗಿ ಸಂವಿಧಾನದೊಳಗೇ ಬಂತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ 16ನೇ ಕಲಮು ಎರಡು ಮಾತು ಹೇಳಿತು: ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಫೇಲು ಮಾಡಬಾರದು, ಶಾಲೆಯಿಂದ ಹೊರಹಾಕಲೂಬಾರದು. ಮುಂದಿನ 17ನೇ ಕಲಮು ಹೊಡೆಯುವುದನ್ನೂ ನಿಷೇಧಿಸಿತು.

ಫೇಲು ಮಾಡುವ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಮಕ್ಕಳನ್ನು ತಡೆಹಿಡಿಯಲು ಅವಕಾಶ ಕೊಟ್ಟಿತು. ಆದರೆ ಹೊರಹಾಕಬಾರದು ಎಂಬ ಮಾತನ್ನು ಮುಟ್ಟಲಿಲ್ಲ. ನನಗೆ ಇದೇ ದೊಡ್ಡದು. ಫೇಲಾದ ಹುಡುಗ ಮರುವರ್ಷ ಅದೇ ಬೆಂಚಿನಲ್ಲಿರುತ್ತಾನೆ. ಟಿ.ಸಿ. ಪಡೆದವನು ಎಲ್ಲಿರುತ್ತಾನೆ?

ಹಾಗಂತ ಕೆಲಸ ಮುಗಿದಿಲ್ಲ. ಕೇರಳದ ಆ ಮೂವರನ್ನೇ ತೊಗೊಳ್ಳಿ. ಇವತ್ತಿನ 16ನೇ ಕಲಮು ಕಾಪಾಡುವುದು ಐದನೇ ತರಗತಿಯ ಕಿರಿಯಳನ್ನು ಮಾತ್ರ, 9 ಮತ್ತು 10ರಲ್ಲಿದ್ದ ಇಬ್ಬರು ಅದರ ಹೊರಗೆ. ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಅಂತ ಬೋರ್ಡು ಹಾಕುವ ಶಾಲೆಗಳಿಗೆ ಒಂಬತ್ತನೇ ತರಗತಿಯ ದಡ್ಡ ಹುಡುಗ ಭಾರವಾಗಿ ಕಾಣುವುದೂ ಸರಿಯಾಗಿ ಅಲ್ಲೇ. "ನೀವೇ ಬರೆದುಕೊಟ್ಟು ಟಿ.ಸಿ. ತೊಗೊಂಡುಬಿಡಿ" ಅನ್ನುವ ಮೆತ್ತನೆಯ ಮಾತು ನೀವೂ ಕೇಳಿರಬಹುದು. ದಾಖಲೆಯಲ್ಲಿ ಅದು ಹೊರಹಾಕಿದ್ದಲ್ಲ, ಪಾಲಕರೇ ಬಿಡಿಸಿದ್ದು.

ಹೋದ ಸಲ ಊರಿಗೆ ಹೋದಾಗ ನನ್ನ ಆ ಗೆಳೆಯ ಸಿಕ್ಕಿದ್ದ. ಮೊಮ್ಮಗ ಎಂಟನೇ ಕ್ಲಾಸು ಅಂದ. "ಭಾಳ ಗೈರುಹಾಜರಿ ಮಾಡ್ತಾನೋ ಮಾರಾಯ. ಆದ್ರ ಮಾಸ್ತರು ಮನೀತನಕ ಬಂದು ಕರಕೊಂಡು ಹೋಗ್ತಾರ" ಅಂದು ನಕ್ಕ. ನನಗೆ ನಗು ಬರಲಿಲ್ಲ. ಒಬ್ಬ ಮಾಸ್ತರು ಹಂಗ ಇವನ ಮನೆಗೂ ಬಂದಿದ್ದರೆ...